ಹುಳುವಿನ ಎಂಜಲು

ಮುಸುಕಿನ ಜೋಳದ ಗಿಡದ ಸುಳಿಯಲ್ಲಿ, ಸುತ್ತಿಕೊಂಡ ಎಳೆ ಎಲೆಗಳ ನಡುವೆ, ಒಂದು ಹಸಿರು ಹುಳು ಅಡಗಿತ್ತು. ಕಣಜವೆಂದರೆ ಅದಕ್ಕೆ ಪ್ರಾಣಭಯ. ಕಣಜವೊಂದು ಅದರ ಅಕ್ಕನ ಮೈಯೊಳಗೆ ಮೊಟ್ಟೆಯಿಟ್ಟಿತ್ತು. ಮರಿಗಳು ಅಕ್ಕನನ್ನು ಒಳಗಿನಿಂದಲೇ ತಿಂದು ಮುಗಿಸಿದ್ದವು. ಆದ್ದರಿಂದ ಹುಳು ಹೊರಗೆ ತಲೆ ಹಾಕದೆ, ಸದ್ದಿಲ್ಲದೆ ತಿನ್ನುತ್ತಿತ್ತು.

"ಎಲೆಯಮ್ಮಾ, ನಾನು ಇಲ್ಲಿರುವುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ," ಎಂದಿತು.

"ನನಗೆ ಬಾಯಿ ಎಲ್ಲಿದೆ? ಹೇಳುತ್ತಿರುವುದು ನಿನ್ನ ಬಾಯಿ," ಎಂದಿತು ಎಲೆ.

"ನಾನು ಒಂದು ಮಾತೂ ಆಡಿಲ್ಲ."

"ಮಾತು ಬೇಕಿಲ್ಲ. ತಿನ್ನುವಾಗ ನನ್ನ ಮೇಲೆ ಎಂಜಲು ಸುರಿಸುತ್ತೀಯಲ್ಲ, ಅದು ಗಾಯಕ್ಕೆ ತಾಗಿದರೆ ನನ್ನ ಮೈಯಿಂದ ಒಂದು ವಾಸನೆ ಏಳುತ್ತದೆ. ಬರೀ ಗಾಳಿಯಿಂದ ನನ್ನ ಮೈ ಹರಿದರೆ ಆ ವಾಸನೆ ಬರುವುದಿಲ್ಲ. ಕಣಜಕ್ಕೆ ಅದರ ಗುರುತು ಚೆನ್ನಾಗಿದೆ."

"ಹಾಗಾದರೆ ಅದನ್ನು ನಿಲ್ಲಿಸಿ, ಅಮ್ಮಾ."

"ಅದು ನನ್ನ ಕೈಯಲ್ಲಿಲ್ಲ. ನೀನು ಬಾಯಿ ಮುಚ್ಚಿ ಈಗಲೇ ಇಳಿದು ಹೋಗು. ಇನ್ನೂ ಸಮಯವಿದೆ."

ಹುಳುವಿಗೆ ಹೊರಗೆ ಹೋಗುವ ಧೈರ್ಯ ಬರಲಿಲ್ಲ. ಗುರುತು ಅಳಿಸಿದರೆ ಸಾಕೆಂದು ಅದು ಕಚ್ಚಿದ ಜಾಗವನ್ನು ಬಾಯಿಂದಲೇ ಒರೆಸತೊಡಗಿತು. ಭಯಕ್ಕೆ ಜೊಲ್ಲು ಮತ್ತಷ್ಟು ಸುರಿಯಿತು. ಒರೆಸಿದಲ್ಲೆಲ್ಲ ಹೊಸ ಎಂಜಲು ಹತ್ತಿತು. ವಾಸನೆ ಹೊಲದ ಆಚೆ ಬದುವನ್ನೂ ದಾಟಿತು.

ಗುಂಯ್ ಎನ್ನುವ ಸದ್ದು ಹತ್ತಿರ ಬಂದು, ಸುಳಿಯ ಬಾಯಲ್ಲಿ ನಿಂತಿತು.

"ಕ್ಷಮಿಸಬೇಕು," ಎಂದು ಕಣಜ ವಿನಯದಿಂದ ಕೇಳಿತು, "ಊಟದ ಹೊತ್ತಿಗೆ ಬಂದೆನೇನೋ?"