ಪೆಡಲು, ಬೂಟು, ಹಿಮ್ಮಡಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನೀಲಾಂಬಿಕಾ ಹಲಗಲಿ ಮೇಡಂ, ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಅಧ್ಯಾಪಕಿ. ಅವರಿಗೆ ಹೇಳಿದವರು ಅವರ ಗುರು, ಸೈಕಲ್ ಸವಾರಿ ಕಲಿಸುವ ದ್ಯಾಮಣ್ಣ ಮಾಸ್ತರು. ಕತೆಗೆ ಕಾರಣವಾದ ಪ್ರಶ್ನೆ ಮೇಡಂ ಅವರದೇ. ಆದರೂ ಹೇಳುವಾಗ ತಮ್ಮ ಮಾನ ಉಳಿಸಿಕೊಳ್ಳುವ ಪ್ರಯತ್ನವನ್ನು ಅವರು ಮಾಡಲಿಲ್ಲ. ಆದ್ದರಿಂದ ನಾನೂ ಮಾಡುವುದಿಲ್ಲ.

ಪ್ರಶ್ನೆ ಇದು: “ಸರ್, ಬೆಟ್ಟ ಇಳಿಯುವಾಗ ಕಾಲು ಪೆಡಲು ಬಿಟ್ಟು ಹಾರತದ. ಯಾವ ಪೆಡಲು ಹಾಕಸಲಿ, ಯಾವ ಬೂಟು ತಗೊಳ್ಳಲಿ?”

ಆ ವರ್ಷ ಮೇಡಂಗೆ ಕಾಲೇಜಿನ ಕೆಲಸವಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರು, ಪರೀಕ್ಷೆ ಬರೆಯುವ ಮಗಳಿದ್ದಳು. ಇದರ ಮೇಲೆ ಬೆಟ್ಟದ ಸೈಕಲ್ ಕಲಿಯುವ ಆರು ಹುಡುಗಿಯರು. ಮೇಡಂ ಎಲ್ಲಿಯೂ ಬಿದ್ದಿರಲಿಲ್ಲ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಜಾರುತ್ತಿದ್ದರು. ದಣಿದಿದ್ದೇನೆ ಎಂದು ಹೇಳಲು ಯಾರ ಬಳಿಯೂ ಹೋಗುವವರಲ್ಲ. ಬೂಟಿನ ವಿಷಯ ಕೇಳಲು ಹೋಗಬಹುದಿತ್ತು. ಹೋದರು.

ಮಾಸ್ತರು ಬೂಟಿನ ಹೆಸರು ಹೇಳಲಿಲ್ಲ. ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಒಂದು ಊರಿತ್ತು. ಬೆಟ್ಟದ ಕೆಳಗೆ ಒಂದು ಆಸ್ಪತ್ರೆ ಇತ್ತು. ರಸ್ತೆ ಹಿಡಿದು ಬಳಸಿ ಬಂದರೆ ಅರ್ಧ ದಿನದ ದಾರಿ. ಕಾಲುದಾರಿಯಲ್ಲಿ ಸೈಕಲ್ ಮೇಲೆ ಇಳಿದರೆ ಮುಕ್ಕಾಲು ತಾಸು.

ಆಸ್ಪತ್ರೆಯಲ್ಲಿ ಒಬ್ಬ ದಾದಿ ಇದ್ದಳು. ಪ್ರತಿ ಗುರುವಾರ ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಬೆಟ್ಟ ಹತ್ತುವಳು. ಕಾಯಿಲೆಯವರ ರಕ್ತ ತೆಗೆದು ಗಾಜಿನ ಸಣ್ಣ ನಳಿಕೆಗಳಲ್ಲಿ ತುಂಬುವಳು. ನಳಿಕೆಗಳ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುವಳು. ಮಧ್ಯಾಹ್ನದೊಳಗೆ ಮುಟ್ಟಿದರೆ ಅದು ಪರೀಕ್ಷೆಯ ರಕ್ತ. ಸಂಜೆ ಮುಟ್ಟಿದರೆ ಚೆಲ್ಲುವ ರಕ್ತ.

ಮೇಲಿನ ಊರಿನಲ್ಲಿ ಒಬ್ಬ ಬಸುರಿ ಇದ್ದಳು. ಅವಳಲ್ಲಿ ರಕ್ತ ಕಡಿಮೆ ಇತ್ತು. ಎಷ್ಟು ಕಡಿಮೆ ಎಂದು ತಿಳಿಯದೆ ಡಾಕ್ಟರು ಔಷಧಿ ಬದಲಿಸುವಂತಿರಲಿಲ್ಲ, ಅರ್ಧ ದಿನದ ದಾರಿಯಲ್ಲಿ ಅವಳನ್ನು ಕುಲುಕಿಸಿ ಕರೆತರುವಂತೆಯೂ ಇರಲಿಲ್ಲ. ಹೆರಿಗೆ ಹತ್ತಿರ ಬರುತ್ತಿತ್ತು.

ಕಾಲುದಾರಿಯ ನಡುವೆ ನೂರು ಮಾರು ಬರೀ ಕಲ್ಲು. ಒಂದು ಗುರುವಾರ ಅಲ್ಲಿ ಸೈಕಲ್ ಕುಪ್ಪಳಿಸಿತು. ದಾದಿಯ ಕಾಲು ಪೆಡಲು ಬಿಟ್ಟಿತು. ಪೆಡಲು ತಿರುಗಿ ಬಂದು ಮೊಣಕಾಲ ಕೆಳಗೆ ಹೊಡೆಯಿತು. ದಾದಿ ಬಿದ್ದಳು. ಪೆಟ್ಟಿಗೆ ಕಲ್ಲಿಗೆ ಬಡಿದು ನಳಿಕೆಗಳು ಒಡೆದವು.

ಅವಳು ತನ್ನ ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಂಡಳು. ನೇರ ಬೂಟಿನ ಅಂಗಡಿಗೆ ಹೋದಳು. ವ್ಯಾಪಾರಿ, “ಬೆಟ್ಟಕ್ಕ ಹೋಗೋರಿಗೆ ಬೆಟ್ಟದ ಬೂಟು ಬೇಕ್ರಿ” ಎಂದು ದಪ್ಪನೆಯ ಬೂಟು ಕೊಟ್ಟ. ತಳದಲ್ಲಿ ಟ್ರ್ಯಾಕ್ಟರ್ ಗಾಲಿಯ ಹಾಗೆ ಹಲ್ಲುಗಳು. ನೋಡಿದರೆ ಧೈರ್ಯ ಬರುತ್ತಿತ್ತು. ದಾದಿ ಕೊಂಡಳು.

ಮುಂದಿನ ಗುರುವಾರ ಅವಳು ಬಸುರಿಯ ಮುಂದೆ ಕೂತು ಮತ್ತೆ ತೋಳು ಕೇಳಿದಳು. ಬಸುರಿ ತೋಳು ಚಾಚಿ ಹೇಳಿದಳು: “ರಕ್ತ ಕಮ್ಮಿ ಐತಿ ಅಂತೀರಿ. ಇದ್ದಷ್ಟನ್ನೂ ಒಯ್ದು ಬೆಟ್ಟಕ್ಕ ಚೆಲ್ಲತೀರಿ. ಏನ್ರೀ ಸಿಸ್ಟರ್, ಬೆಟ್ಟಕ್ಕೂ ರಕ್ತ ಕಮ್ಮಿ ಐತೇನು?”

ದಾದಿ ನಗಲಿಲ್ಲ. ಸೂಜಿ ಚುಚ್ಚಿದಳು.

ಇಳಿಯಲು ಶುರು ಮಾಡಿದ ಮೇಲೆ ತಿಳಿಯಿತು, ಹೊಸ ಬೂಟು ಹಳೆಯದಕ್ಕಿಂತ ಹೆಚ್ಚು ಜಾರುತ್ತದೆ. ಕಲ್ಲಿನ ಜಾಗ ಇನ್ನೂ ಮುಂದಿತ್ತು. ಅವಳು ನಿಂತಳು. ಯೋಚಿಸಿದಳು. ಆ ಕಡೆಯವರು ಸೈಕಲ್ಲಿಗೆ ಏನು ಕಟ್ಟುವುದಿದ್ದರೂ ಹಳೆಯ ಟ್ಯೂಬಿನ ಪಟ್ಟಿಯಿಂದ ಕಟ್ಟುತ್ತಾರೆ. ಹಾಲಿನ ಕ್ಯಾನು, ಮೇವಿನ ಹೊರೆ, ಗ್ಯಾಸ್ ಸಿಲಿಂಡರು, ಎಲ್ಲಕ್ಕೂ ಅದೇ. ದಾದಿಯ ಚೀಲದಲ್ಲಿಯೂ ಎರಡು ಪಟ್ಟಿ ಇದ್ದವು. ಅವಳು ತನ್ನ ಕಾಲುಗಳನ್ನು ಪೆಡಲಿಗೆ ಕಟ್ಟಿಕೊಂಡಳು.

ಕಲ್ಲಿನ ಜಾಗವನ್ನು ಸಲೀಸಾಗಿ ದಾಟಿದಳು. ದಾಟಿದ ಮೇಲೆ ದಾರಿಯಲ್ಲಿ ಒಂದು ಎಮ್ಮೆ ನಿಂತಿತ್ತು. ದಾದಿ ಬ್ರೇಕು ಹಿಡಿದಳು. ಸೈಕಲ್ ನಿಂತಿತು. ಕಾಲು ನೆಲಕ್ಕೆ ಊರಲು ಹೋದಳು. ಕಾಲು ಬರಲಿಲ್ಲ. ನಿಂತಲ್ಲೇ, ನಿಧಾನವಾಗಿ, ಸೈಕಲ್ಲಿನ ಸಮೇತ ಪಕ್ಕಕ್ಕೆ ಉರುಳಿದಳು. ಎಮ್ಮೆ ನೋಡುತ್ತ ನಿಂತಿತ್ತು. ಪೆಟ್ಟಿಗೆ ಇನ್ನೊಮ್ಮೆ ಕಲ್ಲಿಗೆ ಬಡಿಯಿತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. “ಇನ್ನೊಂದು ಸಲ ಒಡೆದರೆ ಸೈಕಲ್ ಬೇಡ, ರಕ್ತ ಜೀಪಿನಲ್ಲೇ ಬರಲಿ” ಎಂದರು. ಜೀಪು ರಸ್ತೆ ಬಳಸಿ ಸಂಜೆ ಬರುತ್ತಿತ್ತು. ಸಂಜೆಯ ರಕ್ತ ಏನಾಗುತ್ತದೆ ಎಂದು ಡಾಕ್ಟರಿಗೂ ಗೊತ್ತಿತ್ತು, ದಾದಿಗೂ ಗೊತ್ತಿತ್ತು.  ಬಸುರಿಗೆ ಒಂಬತ್ತು ತುಂಬಲು ಬಂದಿತ್ತು. ಉಳಿದದ್ದು ಒಂದು ಗುರುವಾರ.

ದಾದಿ ಸೈಕಲ್ ರಿಪೇರಿಯವನ ಬಳಿ ಹೋದಳು. ಅವನು ವಯಸ್ಸಾದವನು. ಬೂಟನ್ನು ತಿರುಗಿಸಿ ತಳ ನೋಡಿದ, ನಕ್ಕ.

“ತಂಗಿ, ಇದು ಕೆಸರಿನ್ಯಾಗ ನಡಿಯೋ ಬೂಟು. ಹಲ್ಲು ಹಲ್ಲಿನ ನಡುವ ಇಷ್ಟಿಷ್ಟು ಸಂದಿ. ಪೆಡಲಿನ ಮೊಳಿ ಆ ಸಂದ್ಯಾಗ ಹೋಗಿ ಆರಾಮ ಕೂಡತಾವ. ರಬ್ಬರಿಗೆ ಹತ್ತೂದ ಇಲ್ಲ. ಇದಕ್ಕ ಸಪಾಟ ತಳ ಬೇಕು, ಮೆತ್ತಗ ಇರಬೇಕು. ಉಗುರು ಒತ್ತಿದ್ರ ಗುರುತು ಬೀಳಬೇಕು.”

ಅವನು ಮೊಳೆ ಸವೆದ ಹಳೆಯ ಪೆಡಲು ಬಿಚ್ಚಿದ. ಅಂಗಾಲಿನಷ್ಟು ಅಗಲದ ಹೊಸ ಪೆಡಲು ಹಾಕಿದ. ಅದರ ಮೇಲೆ ಅಕ್ಕಿಕಾಳಿನಷ್ಟು ಎತ್ತರದ ಮೊಳೆಗಳಿದ್ದವು. ದಾದಿ ಉಗುರು ಒತ್ತಿ ನೋಡಿ ಬೇರೆ ಬೂಟು ತಂದಳು. ಓಣಿಯಲ್ಲಿ ಎರಡು ಸುತ್ತು ಹಾಕಿದಳು. ಕಾಲು ಅಂಟು ಹಚ್ಚಿದ ಹಾಗೆ ಕೂತಿತ್ತು. ಸ್ವಲ್ಪ ಹಿಂದೆ ಸರಿಸಲು ನೋಡಿದಳು, ಸರಿಯಲಿಲ್ಲ.

“ಸರಸಬ್ಯಾಡ. ಪೂರಾ ಎತ್ತು, ಎತ್ತಿ ಮತ್ತ ಇಡು. ನೀ ಎತ್ತಿದ್ರ ಅದು ಬಿಡತದ. ಟ್ಯೂಬಿನ ಹಾಂಗ ಹಟ ಮಾಡೂದಿಲ್ಲ” ಎಂದ ರಿಪೇರಿಯವನು.

ಮಂಗಳವಾರ ಅವಳು ಪೆಟ್ಟಿಗೆ ಇಲ್ಲದೆ ಬೆಟ್ಟಕ್ಕೆ ಹೋಗಿ ನೋಡಿದಳು. ಕಲ್ಲಿನ ಜಾಗ ಬಂತು. ಕಾಲು ಪೆಡಲು ಬಿಟ್ಟು ಹಾರಿತು. ಹೇಗೋ ಬೀಳದೆ ನಿಂತಳು. ವಾಪಸು ಬಂದು ಬೂಟು ಬಿಚ್ಚಿ ರಿಪೇರಿಯವನ ಮುಂದಿಟ್ಟಳು.

“ಅಣ್ಣಾ, ಇದೂ ಹಿಡೀಲಿಲ್ಲ.”

“ಪೆಡಲು ಬದಲಿ ಮಾಡಿದ್ವಿ, ಬೂಟು ಬದಲಿ ಮಾಡಿದ್ವಿ. ಇನ್ನ ಉಳಿದದ್ದು ನಿನ್ನ ಕಾಲು. ಆ ಸಾಮಾನು ನನ್ನ ಅಂಗಡ್ಯಾಗ ಇಲ್ಲವ್ವಾ.”

ದಾದಿ ಬರಿಗಾಲಲ್ಲಿ ನಿಂತೇ ಇದ್ದಳು. ರಿಪೇರಿಯವನು ಅವಳ ಮುಖ ನೋಡಿದ. ಕೈ ಒರೆಸಿಕೊಂಡ. “ನಾಳೆ ನಾನ ಬರ್ತೀನಿ ನಡಿ” ಎಂದ.

ಬುಧವಾರ ಅವನು ಅಂಗಡಿಗೆ ಬೀಗ ಹಾಕಿ ಬೆಟ್ಟ ಹತ್ತಿದ. ಏದುಸಿರು ಬಿಡುತ್ತ ಮೂರು ಕಡೆ ಕೂತ. ಮೂರು ಕಡೆಯೂ ಬೆಟ್ಟವನ್ನು ಬೈದ. ಕಲ್ಲಿನ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು ಬಂಡೆಯ ಮೇಲೆ ಕುಳಿತು, “ಹೂಂ, ಇಳಿ” ಎಂದ. ದಾದಿ ಅವನನ್ನು ದಾಟಿ ಇಳಿದಳು. ಅವನು ಹಿಂದಿನಿಂದ ನೋಡಿದ. ಕಾಲು ಹಾರಿತು. ಅವಳು ಸೈಕಲ್ ಎತ್ತಿಕೊಂಡು ವಾಪಸು ಬಂದಳು.

“ನೀ ಇಳಿಯುವಾಗ ನಿನ್ನ ಬೂಟಿನ ತಳ ನನಗ ಕಾಣತದ” ಎಂದ.

“ಕಂಡ್ರ ಏನಾತಣ್ಣ?”

“ನಿಂತವರ ತಳ ಯಾರಿಗೂ ಕಾಣೂದಿಲ್ಲ. ನೀ ನಿಂತಿಲ್ಲ. ಹಿಮ್ಮಡಿ ಎತ್ತಿ ತುದಿಗಾಲ ಮ್ಯಾಲ ಇದ್ದಿ.”

“ಎರಡು ಸಲ ಬಿದ್ದೀನಣ್ಣ. ಮೂರನೇ ಸಲ ಬೀಳೂಕಿಂತ ಮೊದಲ ಜಿಗದು ಪೆಟಗಿ ಉಳಸಬೇಕಲ್ಲ. ಅದಕ್ಕ ತಯಾರಿರತೀನಿ.”

“ಜಿಗಿಯಾಕ ತಯಾರಾಗಿ ನಿಂತಾಕಿನ್ನ ಯಾವ ಪೆಡಲು ಹಿಡಿದೀತು, ತಂಗಿ?”

ದಾದಿ ಸೈಕಲ್ ಹಿಡಿದು ನಿಂತಳು. ಅವನು ಬಂಡೆಯಿಂದ ಇಳಿದು, ಬರಿ ನೆಲದ ಮೇಲೆಯೇ ತೋರಿಸಿದ. ಮೊಣಕಾಲು ಸ್ವಲ್ಪ ಬಗ್ಗಬೇಕು. ಹಿಮ್ಮಡಿ ಕೆಳಗೆ ಇಳಿಯಬೇಕು. ಮೈಯ ಭಾರವೆಲ್ಲ ಎರಡು ಪಾದದ ಮೇಲೆ ಬಿಡಬೇಕು. ಆಗ ಕಲ್ಲು ಕೆಳಗಿನಿಂದ ತಳ್ಳಿದರೆ ಪೆಡಲು ಬಂದು ಕಾಲಿಗೆ ಒತ್ತಿಕೊಳ್ಳುತ್ತದೆ. ಭಾರವಿಲ್ಲದ ಕಾಲನ್ನು ಎಸೆದುಬಿಡುತ್ತದೆ.

“ಹೆದರಿಕಿ ಆಗತದ” ಎಂದಳು.

“ಆಗಲಿ. ಹೆದರಿಕೋತನ ಹಿಮ್ಮಡಿ ಇಳಿಸು.”

ಗುರುವಾರ ಬಸುರಿ ಮಾತಿಲ್ಲದೆ ತೋಳು ಚಾಚಿದಳು. ಅವಳಿಗೆ ಎದ್ದು ಕೂರಲು ಸುಸ್ತಾಗುತ್ತಿತ್ತು. ತಮಾಷೆಗೆ ಉಸಿರು ಉಳಿದಿರಲಿಲ್ಲ. ದಾದಿ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡಳು. ಇಳಿದಳು. ಕಲ್ಲಿನ ಜಾಗ ಬಂತು. ಅವಳ ಹಿಮ್ಮಡಿ ತಾನಾಗಿಯೇ ಮೇಲೆದ್ದಿತು. ಅವಳು ಅದನ್ನು ಇಳಿಸಿದಳು. ಮತ್ತೆ ಎದ್ದಿತು. ಮತ್ತೆ ಇಳಿಸಿ, ಈ ಸಲ ಮೈಯನ್ನೂ ಅದರ ಮೇಲೆ ಬಿಟ್ಟಳು.

 ಭಾರ ಬಿಟ್ಟ ಮೇಲೆ ಅವಳಿಗೆ ತಾನು ಎಷ್ಟು ದಣಿದಿದ್ದೇನೆ ಎಂದು ತಿಳಿಯಿತು. ಅಲ್ಲಿಯವರೆಗೆ ಅದನ್ನು ತಿಳಿಯಲು ಬಿಡುವಿರಲಿಲ್ಲ. ಕಲ್ಲುಗಳು ಕೆಳಗಿನಿಂದ ಒಂದೊಂದಾಗಿ ಗುದ್ದಿದವು. ಕಾಲು ಅಲ್ಲಾಡಲಿಲ್ಲ.

ನಳಿಕೆಗಳು ಹೊತ್ತಿಗೆ ಮುಂಚೆ ಮುಟ್ಟಿದವು. ಡಾಕ್ಟರು ಫಲಿತಾಂಶ ನೋಡಿ ಕನ್ನಡಕ ತೆಗೆದಿಟ್ಟರು. ಬಸುರಿಯನ್ನು ಅದೇ ದಿನ ಕೆಳಗೆ ಕರೆತರಲು ಜೀಪು ಕಳಿಸಿದರು. ನಾಲ್ಕು ದಿನದ ಮೇಲೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ತಾಯಿ ಉಳಿದಳು, ಕೂಸೂ ಉಳಿಯಿತು.

ಮಾಸ್ತರು ಅಲ್ಲಿಗೆ ನಿಲ್ಲಿಸಿದರು.

ಮೇಡಂ ಕೇಳಿದರು: “ಅಂದ್ರ ಸರ್, ಪೆಡಲು ಬೂಟು ಯಾವುದಿದ್ರೂ ನಡೀತದ ಅಂದಂಗಾತು.”

“ನಾ ಯಾವಾಗ ಹಾಂಗಂದೆ? ಅಗಲ ಪೆಡಲು ಹಾಕಸು, ಮೊಳಿ ಇರೂದು. ಬೂಟು ಸಪಾಟ ತಳದ್ದು, ಮೆತ್ತಗಿನ ರಬ್ಬರಿಂದು. ಹಲ್ಲಿನ ಬೂಟು ಹಾಕ್ಕೊಂಡು ಬಿದ್ದು, ನಮ್ಮ ಮಾಸ್ತರು ಹೇಳಿದ್ರು ಅಂತ ಊರಾಗೆಲ್ಲ ಹೇಳಬ್ಯಾಡ.”

ಮೇಡಂ ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು. ಬರೆದುಕೊಂಡು ಹೇಳಿದರು: “ಆದ್ರ ನನ್ನ ಹಿಮ್ಮಡಿ ಏಳೂದಿಲ್ಲ ಸರ್. ನಾ ಆ ದಾದಿ ಹಾಂಗ ನಿಲ್ಲೂದಿಲ್ಲ.”

ಮಾಸ್ತರು ಅವರ ಕುರ್ಚಿಯ ಕಡೆ ನೋಡಿದರು.

“ನೀಲವ್ವಾ, ನೀ ಬಂದು ಕೂತು ಒಂದು ತಾಸಾತು, ಆ ಕುರ್ಚಿಗೆ ಇನ್ನೂ ನಿನ್ನ ಭಾರ ಗೊತ್ತಾಗಿಲ್ಲ.”

ಮೇಡಂ ಕುರ್ಚಿಯ ಅಂಚಿನಿಂದ ಹಿಂದೆ ಸರಿದು ಕೂತರು.

ನನಗೆ ಕತೆ ಹೇಳಿ ಮುಗಿಸಿದ ಮೇಲೆ ಅವರು ಇನ್ನೊಬ್ಬರಿಗೆ ದಾಟಿಸಿ ಎಂದಷ್ಟೇ ಕೇಳಿಕೊಂಡರು. ನಿಮಗೆ ದಾಟಿಸಿದ್ದೇನೆ. ನೀವೂ ಒಬ್ಬರಿಗೆ ಹೇಳಿ. ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯಲ್ಲಿ ನಿಂತೇ ಊಟ ಮುಗಿಸುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಮೊದಲು ಅವರನ್ನು ಕೂರಿಸಿ, ಕತೆ ಆಮೇಲೆ ಹೇಳಿ.