ಬಳೆಗಾರ ಹುಡುಕಿದ ನಾಲ್ಕು ಸಾಲು

ಮಠದಲ್ಲಿ ಓಲೆಗರಿಗಳನ್ನು ನಕಲು ಮಾಡುತ್ತಿದ್ದ ಚನ್ನವೀರ ಗುರುಗಳನ್ನು ಕೇಳಿದ: "ಗುರುಗಳೇ, ಗಂಡಹೆಂಡಿರ ಸುಖವನ್ನು ಹೇಳುವ ಈ ಗ್ರಂಥದಲ್ಲಿ ಒಂದು ಕಡೆ ನಾಲ್ಕು ಸಾಲಿನಷ್ಟು ಜಾಗ ಖಾಲಿ ಇದೆ. ಅಲ್ಲಿ ಏನಿತ್ತು?"

ಅವನ ಮದುವೆಗೆ ಇನ್ನು ಹದಿನೈದೇ ದಿನ ಇತ್ತು. ಕೇಳುವಾಗಲೇ ಕಿವಿ ಕೆಂಪಾಗಿತ್ತು.

"ನಾಚಬೇಡವಯ್ಯ" ಎಂದರು ಗುರುಗಳು. "ಅಡುಗೆ, ವೈದ್ಯಗಳ ಹಾಗೆ ಇದನ್ನೂ ಒಂದು ವಿದ್ಯೆ ಎಂದೇ ಹಿಂದಿನವರು ಬರೆದಿಟ್ಟರು." ಆಮೇಲೆ ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಹೊಸದಾಗಿ ಮದುವೆಯಾಗಿದ್ದ. ಹೆಂಡತಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದ. ಆದರೆ ಅವಳ ಹತ್ತಿರ ಹೋದರೆ ಕೈಕಾಲೇ ಆಡುತ್ತಿರಲಿಲ್ಲ. ಎಲ್ಲಿ ತಪ್ಪುತ್ತೇನೋ ಎಂದು ಇದೇ ಗ್ರಂಥದ ನಕಲೊಂದನ್ನು ತಂದುಕೊಂಡ. ಹೂವು ಮುಡಿಸು ಎಂದಿತು ಗ್ರಂಥ, ಮುಡಿಸಿದ. ವೀಳ್ಯ ಮಡಿಸಿ ಕೊಡು ಎಂದಿತು; ಕೊಟ್ಟ. ನಡುನಡುವೆ ಕಿಟಕಿಯ ಬೆಳಕಿಗೆ ಹೋಗಿ ಮುಂದಿನ ಗರಿ ಓದಿಕೊಂಡು ಬರುತ್ತಿದ್ದ. ಅಷ್ಟು ಹೊತ್ತೂ ಅವನ ಹೆಂಡತಿ ಗೋಡೆ ನೋಡುತ್ತ ಕುಳಿತಿರುತ್ತಿದ್ದಳು, ಪಾಪ.

ಒಂದು ದಿನ ಗ್ರಂಥ, "ಇಷ್ಟಾದ ಮೇಲೆ ಅವಳ ಮನಸ್ಸು ಅರಳುವ ಬಗೆ ಹೀಗೆ" ಎಂದಿತು. ಮುಂದೆ ನಾಲ್ಕು ಸಾಲು ಖಾಲಿ. ಮೂಲದ ಗರಿಯನ್ನು ಹುಳು ತಿಂದಿದ್ದರೆ ನಕಲು ಮಾಡುವವರು ಅಷ್ಟು ಜಾಗ ಬಿಟ್ಟೇ ಬರೆಯುತ್ತಾರೆ, ನಿನಗೆ ಗೊತ್ತಲ್ಲ. ಅವನೂ ಹುಳುವನ್ನೇ ಬೈದುಕೊಂಡ. ಬಳೆಯ ಗಂಟು ಹೊತ್ತು ಊರೂರು ಅಲೆದ. ಸಿಕ್ಕ ನಕಲುಗಳಲ್ಲೆಲ್ಲ ಅದೇ ಖಾಲಿ. ಮೂರು ತಿಂಗಳ ಮೇಲೆ ಮೂಲಪ್ರತಿ ಇದ್ದ ಮನೆ ಮುಟ್ಟಿದ. ಗರಿ ಗಟ್ಟಿಯಾಗಿತ್ತು. ಒಂದು ತೂತೂ ಇರಲಿಲ್ಲ. ಬರೆದವನೇ ಆ ಜಾಗ ಬಿಟ್ಟಿದ್ದ.

ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದರೆ ಹೆಂಡತಿ ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ತವರಿಗೆ ಹೊರಟಿದ್ದೀನಿ. ನನ್ನಲ್ಲಿ ಏನು ಕೊರತೆ ಕಂಡು ಮೂರು ತಿಂಗಳು ಮನೆ ಬಿಟ್ರಿ?"

ಅವನು ಒಂದೂ ಮುಚ್ಚಿಡದೆ ಎಲ್ಲ ಹೇಳಿದ. ಅವಳು ಗಂಟಿನ ಮೇಲೇ ಕುಳಿತುಬಿಟ್ಟಳು.

"ಅಲ್ಲಾ, ಊರ ಹೆಂಗಸರಿಗೆ ಬಳೆ ತೊಡಿಸುವಾಗ 'ಬಿಗಿ ಆಯ್ತೇನಮ್ಮಾ, ನೋವಾಯ್ತೇನಮ್ಮಾ' ಅಂತ ಒಂದೊಂದು ಬಳೆಗೂ ಕೇಳ್ತೀರಿ. ನಿನಗೇನಿಷ್ಟ ಅಂತ ನನ್ನನ್ನ ಒಂದು ದಿನ ಕೇಳಿದ್ದೀರಾ?"

ಬಳೆಗಾರ ಕೇಳಿದ. ಅವಳು ಹೇಳಿದಳು. ಹೇಳುತ್ತ ಹೇಳುತ್ತ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗಂಟು ಬಿಚ್ಚಿತು, ಸೀರೆಗಳು ಪೆಟ್ಟಿಗೆಗೆ ಹಿಂದಿರುಗಿದವು. ಅಂದು ಅವನು ಬಳೆ ಮಾರಲು ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ.

ಚನ್ನವೀರ ಅವಸರದಿಂದ ಲೇಖನಿ ಎತ್ತಿಕೊಂಡ. "ಅವಳು ಏನು ಹೇಳಿದಳು, ಗುರುಗಳೇ?"

ಗುರುಗಳೆಂದರು: "ಲೇಖನಿ ಕೆಳಗಿಡು, ಆ ನಾಲ್ಕು ಸಾಲು ಹೇಳುವವಳು ಹದಿನೈದು ದಿನಕ್ಕೆ ನಿನ್ನ ಮನೆಗೇ ಬರುತ್ತಾಳೆ."