ಗೂಳಜ್ಜನ ಕಪ್ಪೆ

ಹೊಳೆಯ ದಂಡೆಯ ಗುಡಿಸಲಲ್ಲಿ ದುರುಗವ್ವ ಎಂಬ ಮುದುಕಿ ಇದ್ದಳು. ಗಾಳ ಹಾಕುವುದನ್ನು ಕಲಿಯಲು ಅವಳ ಹತ್ತಿರ ಜನ ಬರುತ್ತಿದ್ದರು. ಹೆಚ್ಚಿನವರು ಒಂದು ತಿಂಗಳೂ ನಿಲ್ಲದೆ ಎದ್ದುಹೋಗುತ್ತಿದ್ದರು. ಯಂಕೋಬ ಮಾತ್ರ ನಾಲ್ಕು ವರ್ಷದಿಂದ ಉಳಿದಿದ್ದ.

ಅವನಿಗೆ ಆಗಲೇ ನಲವತ್ತು ದಾಟಿತ್ತು. ಮೊದಲು ಹರಿಗೋಲು ನಡೆಸುತ್ತಿದ್ದ. ಸೇತುವೆ ಬಂದಮೇಲೆ ಆ ಕೆಲಸ ನಿಂತಿತು. ಅಲ್ಲಿಂದ ಇಲ್ಲಿಗೆ ಬಂದವನಿಗೆ ಮತ್ತೆಲ್ಲೂ ಹೋಗಬೇಕೆನಿಸಿರಲಿಲ್ಲ.

ದುರುಗವ್ವ ಕಲಿಸುವ ರೀತಿಯೇ ಬೇರೆ. ಬಂದ ಮೊದಲ ದಿನ ಯಂಕೋಬ ಕೇಳಿದ್ದ: "ಅವ್ವ, ಕೊರಮೀನು ಎಲ್ಲಿರ್ತೈತ್ರಿ?"

"ನಿನಗ ಬಿಸಿಲು ಹತ್ತಿದರ ಎಲ್ಲಿ ಕೂಡ್ತಿ?"

"ನೆರಳಿಗೆ."

"ಹಸಿವಾದರ?"

"ಒಲಿ ಹತ್ರ."

"ಅದಕ್ಕೂ ಹಂಗ. ನೆರಳು, ಊಟ ಎರಡೂ ಇರೋ ಜಾಗ ಹುಡುಕು."

ಅಂಥ ಜಾಗವನ್ನು ಯಂಕೋಬ ಮೂರೇ ದಿನದಲ್ಲಿ ಹುಡುಕಿದ. ಹೊಳೆ ತಿರುಗುವಲ್ಲಿ ಒಂದು ದೊಡ್ಡ ಜಾಲಿಮರ ನೀರಿಗೆ ಬಿದ್ದು ಮುಳುಗಿತ್ತು. ಕೊಂಬೆಗಳ ನಡುವೆ ಮರಿಮೀನುಗಳು ಆಡುತ್ತಿದ್ದವು. ಕೆಳಗೆ ಏನೋ ದೊಡ್ಡದು ಹೊರಳಿದಾಗ ನೀರು ಸುತ್ತುತ್ತಿತ್ತು.

ಆದರೆ ದುರುಗವ್ವ ಆ ಕಡೆ ಎಂದೂ ಗಾಳ ಎಸೆಯಲಿಲ್ಲ. ಸ್ವಲ್ಪ ಕೆಳಗೆ, ಮರಳಿನ ದಂಡೆಯ ತಿಳಿನೀರಿನಲ್ಲೇ ಎಸೆಯುತ್ತಿದ್ದಳು. ಕೆಲವು ದಿನ ಸಿಗುತ್ತಿತ್ತು, ಬಹಳ ದಿನ ಇಲ್ಲ.

"ಮರದ ಹತ್ರ ಯಾಕ ಎಸಿಯಂಗಿಲ್ರಿ?" ಎಂದು ಯಂಕೋಬ ಒಮ್ಮೆ ಕೇಳಿದ.

"ಕಪ್ಪಿ ಸಿಕ್ಕೊಂತೈತಿ."

ಕಪ್ಪೆ ಎಂದರೆ ಮರದ ಕಪ್ಪೆ. ಅವಳ ಗುರು ಗೂಳಜ್ಜ ಹಾಲವಾಣದ ಹಗುರ ಕಟ್ಟಿಗೆಯಲ್ಲಿ ಕೆತ್ತಿದ್ದು, ಹೊಟ್ಟೆಯಡಿ ಗಾಳ ಕೂರಿಸಿದ್ದು. ನೀರಿನ ಮೇಲೆ ಎಳೆದರೆ ನಿಜವಾದ ಕಪ್ಪೆ ಈಜಿದಂತೆಯೇ ಬರುತ್ತಿತ್ತು. ಗೂಳಜ್ಜನ ಕಣ್ಣು ಹೋಗುವ ಮೊದಲು ಅವನ ಕೈ ಮಾಡಿದ ಕಡೆಯ ಕೆಲಸ ಅದು. ಇಪ್ಪತ್ತೆಂಟು ವರ್ಷದಿಂದ ದುರುಗವ್ವ ಅದೊಂದನ್ನೇ ಕಟ್ಟುತ್ತಿದ್ದಳು. ಸಂಜೆ ಒರೆಸಿ, ಎಣ್ಣೆ ಸವರಿ, ಗೂಟಕ್ಕೆ ತೂಗುಹಾಕುತ್ತಿದ್ದಳು.

ಒಂದು ಸಲ ಅವಳಿಗೆ ಜ್ವರ ಬಂತು. ಮೂರು ದಿನ ಕಂಬಳಿ ಹೊದ್ದು ಮಲಗಿದಳು. ಗಂಜಿ ಬಾಯಿಗೆ ಸೇರುತ್ತಿರಲಿಲ್ಲ. ಒಂದು ಕೊರಮೀನು ಸಿಕ್ಕರೆ ಖಾರವಾಗಿ ಸಾರು ಮಾಡಿಕೊಡಬಹುದಲ್ಲ ಎಂದುಕೊಂಡ ಯಂಕೋಬ. ಅಷ್ಟೇ ಅಲ್ಲ, ತಾನು ಹುಡುಕಿದ ಜಾಗ ಸರಿಯೆಂದು ತೋರಿಸುವ ಆಸೆಯೂ ಅವನಿಗಿತ್ತು.

ಅವಳು ನಿದ್ದೆಹೋದದ್ದನ್ನು ನೋಡಿ ಗೂಟದಿಂದ ಕಪ್ಪೆ ಇಳಿಸಿದ.

ಜಾಲಿಮರದ ಬಳಿ ಮೊದಲ ಎಸೆತಕ್ಕೇ ಮೀನು ನೀರೊಡೆದು ಎದ್ದಿತು. ಗಾಳದ ಬಿದಿರು ಬಾಗಿತು. ಮೀನು ಕೊಂಬೆಗಳ ಒಳಗೆ ನುಗ್ಗಿತು, ದಾರ ಕಡಿಯಿತು.

ಯಂಕೋಬ ನೀರಿಗೆ ಹಾರಿದ. ಮುಳ್ಳು ಪರಚಿ ಮೈಯೆಲ್ಲ ರಕ್ತವಾಯಿತು. ಕಪ್ಪೆ ಸಿಗಲಿಲ್ಲ.

ಹೇಳಿದರೆ ಅವ್ವ ಹೊರಗೆ ಹಾಕುತ್ತಾಳೆ ಎಂದು ಅವನಿಗೆ ಅನಿಸಿತು. ಹೊರಗೆ ಹಾಕದೆ ಸುಮ್ಮನೆ ಮುಖ ತಿರುಗಿಸಿಬಿಟ್ಟರೆ? ಅದನ್ನು ನೆನೆಯಲೂ ಅವನಿಂದ ಆಗಲಿಲ್ಲ.

ಒಂದು ತುಂಡು ಹಾಲವಾಣ ತಂದು, ಗುಡಿಸಲ ಹಿಂದೆ ಕೂತು ಅಂಥದೇ ಕಪ್ಪೆ ಕೆತ್ತಿದ. ಹಳೆಯದು ಕಾಣಲೆಂದು ಹರಳೆಣ್ಣೆಯಲ್ಲಿ ಮಸಿ ಕಲಸಿ ತಿಕ್ಕಿದ. ಗೂಟಕ್ಕೆ ತೂಗುಹಾಕಿದ.

ಜ್ವರ ಬಿಟ್ಟ ಬೆಳಗ್ಗೆ ದುರುಗವ್ವ ಎದ್ದು ಕಪ್ಪೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿದ್ದಳು. ದಾರಕ್ಕೆ ಕಟ್ಟಿದಳು.

ಮರಳಿನ ದಂಡೆ ಬಂತು. ಅವಳು ನಿಲ್ಲಲಿಲ್ಲ. ನೇರ ಜಾಲಿಮರದ ಬಳಿಗೆ ಹೋಗಿ, ಕೊಂಬೆಗಳ ನಡುವೆಯೇ ಎಸೆದಳು.



ಮೊಣಕೈ ಉದ್ದದ ಕೊರಮೀನು ಬಿತ್ತು. ಮರುದಿನ ಇನ್ನೊಂದು. ಐದು ದಿನ ಅವಳು ಅಲ್ಲೇ ಎಸೆದಳು, ಸುತ್ತಲ ಗುಡಿಸಲುಗಳಿಗೆಲ್ಲ ಮೀನು ಹಂಚಿದಳು.  ಅವಳು ಎಸೆಯಲು ಕೈ ಎತ್ತಿದಾಗೆಲ್ಲ ಯಂಕೋಬ ಕಣ್ಣು ಮುಚ್ಚುತ್ತಿದ್ದ.

ಆರನೆಯ ದಿನ ಅವನಿಂದ ತಡೆಯಲಾಗಲಿಲ್ಲ.

"ಅವ್ವ, ಅದು ಗೂಳಜ್ಜಾರ ಕಪ್ಪಿ ಅಲ್ರಿ. ಅದನ್ನ ನಾನು ಇಲ್ಲೇ ಕಳಕೊಂಡೆ. ಇದು ನಾನು ಕೆತ್ತಿದ್ದು."

ದುರುಗವ್ವ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಹೌದು. ನಿಂದು ಎಡಕ್ಕ ವಾಲತೈತಿ."

ಯಂಕೋಬ ಅವಳ ಪಕ್ಕದಲ್ಲಿ ಕೂತ. "ಗೊತ್ತಿತ್ತೇನ್ರಿ?"

"ಕೈಯಾಗ ಹಿಡಿದ ಕೂಡಲೇ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ?"

"ಸಿಟ್ಟು ಬಂದಿತ್ತು. ಈ ಮರಕ್ಕ ಎಸೆದು ನಿನ್ನ ಕಪ್ಪೀನೂ ಹಾಳು ಮಾಡಬೇಕಂತ ಬಂದೆ." ಅವಳು ದಾರ ಮೆಲ್ಲಗೆ ಎಳೆದಳು. "ಮೀನು ಬಂತು."

ಯಂಕೋಬ ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಹೊತ್ತ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದವರ ಮುಖ ಹಾಗಿರುತ್ತದೆ.

"ಇಪ್ಪತ್ತೆಂಟು ವರ್ಷ ನಾನು ಮೀನಿಗೆ ಜಾಗ ಹುಡುಕಲಿಲ್ಲ, ಯಂಕೋಬ," ಎಂದಳು. "ಆ ಕಪ್ಪಿಗೆ ಜಾಗ ಹುಡುಕಿದೆ."

ಅವನಿಗೆ ಅಳು ಬಂತು. ಇಷ್ಟು ದಿನ ಎದೆಯಲ್ಲಿ ಕೂತಿದ್ದ ಕಲ್ಲು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೂಗೊರೆಸಿಕೊಂಡು ಕೇಳಿದ: "ನಾನು ಹೋಗಬೇಕೇನ್ರಿ?"

"ಮಸಿ ಯಾಕ ಹಚ್ಚಿದಿ?"

"ಹಳೇದು ಕಾಣ್ಲಿ ಅಂತ."

"ಅದೊಂದು ಬ್ಯಾಡಾಗಿತ್ತು. ಉಳಿದದ್ದು ಚೊಲೋ ಕೆತ್ತೀದಿ."

ಅವಳು ಬಿದಿರನ್ನು ಅವನ ಕೈಗೆ ಕೊಟ್ಟಳು. ಯಂಕೋಬ ಎದ್ದು ನಿಂತ. ಮುಳುಗಿದ ಕೊಂಬೆಗಳ ನಡುವೆ ಕಪ್ಪು ನೀರು ಒಮ್ಮೆ ಸುತ್ತಿತು.

"ಅವ್ವ, ಸಿಕ್ಕೊಂಡರ?"

"ಸಿಕ್ಕೊಳ್ಳಲಿ," ಎಂದಳು ದುರುಗವ್ವ. "ಗೂಳಜ್ಜಾರೂ ಅದನ್ನ ಕೆತ್ತಿದ್ದು ನೀರಿಗೆ ಎಸಿಯಾಕ."